ಶೇಕಡಾ ಹದಿನೇಳು

ಕಾರಿನ ರೇಡಿಯೋದಲ್ಲಿ ಯಾರೋ ‘ಶೇಕಡಾ ಹದಿನೇಳು’ ಎಂದ ಕೂಡಲೇ ಲವಾನ್ ಪ್ರೋಕಪ್‌ಗೆ ಎದೆ ಧಸಕ್ಕೆಂದಿತು, ಆಮೇಲೆ ಹಿತವಾಯಿತು. ಎರಡು ವಾರದಿಂದ ಹೀಗೇ ಆಗುತ್ತಿತ್ತು. ಯಾರ ಬಾಯಿಂದ ಬಂದರೂ ಅದು ಅವಳ ಸಂಖ್ಯೆ. ಹೆದ್ದಾರಿಯ ಪಕ್ಕದಲ್ಲಿ ಎತ್ತರಕ್ಕೆ ನಿಲ್ಲಿಸಿದ ಕಪ್ಪು ಹಲಗೆಯ ಮೇಲೆ ಕೆಂಪು ಅಕ್ಷರಗಳಲ್ಲೂ ಅದೇ ಇತ್ತು: ‘ಮರಣದಂಡನೆ ತೆಗೆದೆವು, ಕೊಲೆ ಶೇಕಡಾ ಹದಿನೇಳು ಏರಿತು.’ ರಾಜ್ಯದ ಅಪರಾಧ ಅಂಕಿಅಂಶ ವಿಭಾಗದ ನೆಲಮಾಳಿಗೆಯಲ್ಲಿ ಹದಿನಾಲ್ಕು ವರ್ಷ ಕೂತು ಅವಳು ತಯಾರಿಸಿದ ವರದಿಗಳನ್ನು ಯಾರೂ ತೆರೆದು ನೋಡಿದವರಿರಲಿಲ್ಲ. ಒಂದು ಸಲ ಮೇಲಿನ ಮಹಡಿಯಲ್ಲಿ ಅವಳ ವಾರ್ಷಿಕ ವರದಿಯನ್ನು ಕಿಟಕಿ ಮುಚ್ಚಿಕೊಳ್ಳದ ಹಾಗೆ ಸಂದಿಗೆ ತುರುಕಿದ್ದನ್ನು ಕಣ್ಣಾರೆ ಕಂಡಿದ್ದಳು. ಈಗ ಅದೇ ಕೈಯಿಂದ ಹೊರಟ ಒಂದು ಸಂಖ್ಯೆ ರಾಜ್ಯದ ತುಂಬ ಓಡಾಡುತ್ತಿದೆ, ಚರ್ಚಿನಲ್ಲಿ, ಟ್ರ್ಯಾಕ್ಟರ್ ಅಂಗಡಿಯಲ್ಲಿ, ಶಾಲೆಯ ಫುಟ್‌ಬಾಲ್ ಪಂದ್ಯದ ಬೆಂಚುಗಳ ಮೇಲೆ. ಇವತ್ತು ಹತ್ತು ಗಂಟೆಗೆ ಶಾಸನಸಭೆಯ ಸಮಿತಿಯ ಎದುರು ಕೂತು ಅವಳೇ ಅದನ್ನು ತನ್ನ ಬಾಯಿಂದ ಹೇಳಬೇಕು. ಮರಣದಂಡನೆಯನ್ನು ಮರಳಿ ತರುವ ಮಸೂದೆ. ಎಂಟು ಜನರ ಸಮಿತಿಯಲ್ಲಿ ನಾಲ್ವರು ಪರ, ಮೂವರು ವಿರೋಧ, ಒಬ್ಬಳು ಏನೂ ಹೇಳಿಲ್ಲ. ಐದು ಮತ ಬಿದ್ದರೆ ಮಸೂದೆ ಮುಂದಕ್ಕೆ ಹೋಗುತ್ತದೆ.

ಪಕ್ಕದ ಸೀಟಿನಲ್ಲಿ ಅವಳ ಅಪ್ಪ ಗಸ್ ಕಂದು ಬಣ್ಣದ ಸೂಟು ತೊಟ್ಟು ಕೂತಿದ್ದ. ಮದುವೆ ಮತ್ತು ಶವಸಂಸ್ಕಾರಕ್ಕೆ ಬಿಟ್ಟರೆ ಆ ಸೂಟು ಹೊರಬಂದದ್ದಿಲ್ಲ. ಕಾರು ಹೊರಡುವ ಮುನ್ನ ಅವನು ತನ್ನ ಸೀಟುಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿಕೊಂಡ, ಆಮೇಲೆ ಕೈ ಚಾಚಿ ಅವಳ ಪಟ್ಟಿಯ ಕೆಳಗೂ ತೂರಿಸಿದ. ಎರಡು ಬೆರಳು ಹೋದರೆ ಸರಿ, ಮೂರು ಹೋದರೆ ಸಡಿಲ, ಒಂದೇ ಹೋದರೆ ರಕ್ತ ನಿಲ್ಲುತ್ತದೆ. ರಾಜ್ಯದ ಸೆರೆಮನೆಯಲ್ಲಿ ಕಾವಲುಗಾರನಾಗಿದ್ದಾಗ ಅವನು ಮರಣದಂಡನೆಯ ಕೈದಿಗಳನ್ನು ಕಟ್ಟುವ ತಂಡದಲ್ಲಿದ್ದ. ಐದು ಜನ: ಒಬ್ಬ ತಲೆ, ಇಬ್ಬರು ಕೈಗಳು, ಇಬ್ಬರು ಕಾಲುಗಳು. ತೊಂಬತ್ತರ ದಶಕದಲ್ಲಿ ಮೂರು ಸಲ ಅವರು ಒಬ್ಬೊಬ್ಬ ಮನುಷ್ಯನನ್ನು ಮಂಚಕ್ಕೆ ಕಟ್ಟಿ ಹೊರಬಂದಿದ್ದರು. ವಿಷದ ಸೂಜಿ ಚುಚ್ಚುವವರು ಆಮೇಲೆ ಒಳಹೋಗುತ್ತಿದ್ದರು. ಬೇರೆ ಗಂಡಸರು ತಾವು ಶಾಲೆಯ ತಂಡದಲ್ಲಿ ಯಾವ ಜಾಗದಲ್ಲಿ ಆಡುತ್ತಿದ್ದೆವು ಎಂದು ಹೇಳಿಕೊಳ್ಳುವ ಹಾಗೆ ಗಸ್ ಹೇಳಿಕೊಳ್ಳುತ್ತಿದ್ದ: ‘ನಾನು ಎಡಗಾಲು.’

“ಸದ್ದು ಜಾಸ್ತಿ ಮಾಡು, ನಿನ್ನ ಸುದ್ದೀನೇ ಬರ್ತಿರೋದು” ಎಂದ.

“ನನ್ನ ಸುದ್ದಿ ಅಲ್ಲಪ್ಪ. ಮಸೂದೆ ಸುದ್ದಿ.”

“ಎರಡೂ ಒಂದೇ. ಮೂರು ಜನಾನ ಕಟ್ಟಿದ್ವಿ. ಅದರಿಂದ ಎಷ್ಟು ಜನ ಉಳಿದ್ರು ಅಂತ ಇಷ್ಟು ವರ್ಷ ಒಬ್ಬನಾದ್ರೂ ಲೆಕ್ಕ ಹಾಕಿದ್ನಾ? ಕೊನೆಗೆ ನನ್ನ ಮಗಳೇ ಹಾಕಬೇಕಾಯ್ತು.”

ಅವಳು ಸದ್ದು ಜಾಸ್ತಿ ಮಾಡಿದಳು. ಹಿಂದಿನ ಸೀಟಿನಲ್ಲಿದ್ದ ಚೀಲದಲ್ಲಿ ಎರಡು ಹಾಳೆಗಳಿದ್ದವು. ಒಂದು, ಎಲ್ಲರಿಗೂ ಹಂಚಿದ್ದು. ಇನ್ನೊಂದನ್ನು ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಹೋಗಿ ಮುದ್ರಿಸಿಕೊಂಡು ಬಂದಿದ್ದಳು. ಯಾಕೆಂದು ತನಗೇ ಹೇಳಿಕೊಂಡಿರಲಿಲ್ಲ.

ದಾರಿಯಲ್ಲಿ ಬರ್ನೀಸಳ ಬೇಕರಿಯಲ್ಲಿ ನಿಲ್ಲಿಸಬೇಕೆಂದು ಗಸ್ ಹಟ ಹಿಡಿದ. ಅವನ ಗೆಳೆಯರೆಲ್ಲ ಆ ಹೊತ್ತಿಗೆ ಅಲ್ಲಿರುತ್ತಾರೆ, ಮಗಳನ್ನು ಒಂದು ಸುತ್ತು ತೋರಿಸಿಕೊಂಡು ಹೋಗಬೇಕು, ಅಷ್ಟೇ. ಬಾಗಿಲ ಗಂಟೆ ಸದ್ದಾದ ಕೂಡಲೇ ಬರ್ನೀಸ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ, “ಬಂತು ನೋಡ್ರಪ್ಪಾ ಹದಿನೇಳು. ಹದಿನೇಳಕ್ಕೆ ಇವತ್ತು ಕಾಫಿ ಪುಕ್ಕಟೆ, ಅವರಪ್ಪಂಗೆ ಮಾತ್ರ ಕಾಸು” ಎಂದಳು. ಎಲ್ಲರೂ ನಕ್ಕರು. ಲವಾನಳ ಮುಖ ಕಿವಿಯವರೆಗೂ ಬಿಸಿಯಾಯಿತು. ಈ ಅಂಗಡಿಯಲ್ಲಿ ಅವಳ ನಲವತ್ತಮೂರು ವರ್ಷದ ಬದುಕಿನಲ್ಲಿ ಯಾರೂ ಅವಳು ಬಂದದ್ದನ್ನು ಗಮನಿಸಿ ಮಾತು ನಿಲ್ಲಿಸಿದವರಲ್ಲ. ಗಸಗಸೆ ಹೂರಣದ ಕೊಲಾಚೆ ಬನ್ನೊಂದನ್ನು ಬರ್ನೀಸ್ ಕಾಗದದಲ್ಲಿಟ್ಟು ಕೊಟ್ಟಳು. ಟ್ರ್ಯಾಕ್ಟರ್ ರಿಪೇರಿಯ ಲೈಲ್ ಎಂಬವನು ಮೂಲೆಯ ಮೇಜಿನಿಂದ ಕುರ್ಚಿ ಎಳೆದುಕೊಂಡು ಬಂದ.

“ಗಸ್, ನಿನ್ನ ಮಗಳ ಹದಿನೇಳು ಕೇಳಿ ನನ್ನ ಹೆಂಡ್ತಿ ಬಾಗಿಲಿಗೆ ಮೂರನೇ ಚಿಲಕ ಹಾಕಿಸಿದ್ಲು ಕಣಯ್ಯ. ನಾನು ಉಚ್ಚೆ ಹೊಯ್ಯಕ್ಕೆ ಹೊರಗೆ ಹೋದ್ರೂ ವಾಪಸ್ ಬರೋಕೆ ಗುರುತಿನ ಚೀಟಿ ತೋರಿಸ್ಬೇಕು.”

“ನಿನ್ನ ಮೋರೆಗೆ ನಾಲ್ಕು ಚಿಲಕ ಬೇಕು” ಎಂದ ಗಸ್.

“ಅದಿರಲಿ. ಲವಾನ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ನಮ್ಮ ಕಡೆ ಯಾರೂ ಸತ್ತಿಲ್ಲ. ನನ್ನ ತಮ್ಮ ಸಿಟೀಲಿದಾನೆ, ಅಲ್ಲೂ ಹಿಂದಿನ ವರ್ಷದ ಹಾಗೇ ಇದೆ ಅಂತಾನೆ. ಹಾಗಾದ್ರೆ ಈ ಹೆಚ್ಚಿನವರೆಲ್ಲ ಎಲ್ಲಿ ಸತ್ತರು?”

ಅವಳ ಗಂಟಲಲ್ಲಿ ಗಸಗಸೆ ಸಿಕ್ಕಿಕೊಂಡಿತು. ಕೆಮ್ಮಿದಳು, ಬರ್ನೀಸ್ ನೀರು ಕೊಟ್ಟಳು. ಗಸ್ ಅವಳ ಪರವಾಗಿ ಉತ್ತರಿಸಿದ: “ರಾಜ್ಯ ಅಂದ್ರೆ ನಿನ್ನ ಗ್ಯಾರೇಜು ಅಂದ್ಕೊಂಡಿದೀಯಾ? ಅವಳು ತೊಂಬತ್ತು ಕೌಂಟಿ ಲೆಕ್ಕ ನೋಡ್ತಾಳೆ.”

ನೀರು ಕುಡಿಯುತ್ತಲೇ ಅವಳು ಫೆಬ್ರವರಿಯ ಆ ಮಧ್ಯಾಹ್ನದಲ್ಲಿದ್ದಳು. ರಾಜ್ಯದ ಜಿಲ್ಲೆಗಳಾದ ಎಲ್ಲ ಕೌಂಟಿಗಳಿಂದ ಕೊಲೆಗಳ ಪಟ್ಟಿ ಬಂದಿತ್ತು. ಹಾರ್ಲಿಂಗ್ ಕೌಂಟಿ ಎದುರು ಒಂಬತ್ತು. ಮೂರು ಸಾವಿರ ಜನ, ಒಂದು ಧಾನ್ಯದ ಕಣಜ, ಹೆದ್ದಾರಿ ಪಕ್ಕದಲ್ಲಿ ಲಾರಿಗಳು ನಿಲ್ಲುವ ಒಂದು ಜಾಗ, ಅದರ ಹಿಂದೆ ನದಿ. ಅಲ್ಲಿ ಒಂಬತ್ತು ಕೊಲೆಯೇ? ಫೋನು ಮಾಡಿದಾಗ ಶೆರಿಫ್ ಕಚೇರಿಯ ಗುಮಾಸ್ತೆ ಬೇಸರದಿಂದಲೇ ಹೇಳಿದ್ದಳು: “ಹಳೇವು ಮೇಡಂ. ಆ ಲಾರಿಯೋನು ಆಸ್ಪತ್ರೇಲಿ ಸಾಯೋಕೆ ಮುಂಚೆ ಒಪ್ಪಿಕೊಂಡನಲ್ಲ, ಅವು.” ತೊಂಬತ್ತೊಂದರಿಂದ ತೊಂಬತ್ತೊಂಬತ್ತರವರೆಗೆ ನದಿ ದಂಡೆಯಲ್ಲಿ ಸಿಕ್ಕಿದ ಒಂಬತ್ತು ಹೆಂಗಸರು. ಗಿರಾಕಿ ಹುಡುಕುತ್ತ ಲಾರಿಗಳ ಮಧ್ಯೆ ಓಡಾಡುತ್ತಿದ್ದವರು. ಆಗ ‘ಸಾವಿನ ಕಾರಣ ತಿಳಿಯದು’ ಎಂದು ಬರೆದು ಕಡತ ಮುಚ್ಚಿದ್ದರು. ಕಳೆದ ವರ್ಷ ಆ ಮುದುಕ ದಿನ, ಜಾಗ ಎಲ್ಲ ಹೇಳಿ ಸತ್ತ ಮೇಲೆ ಕಡತ ತೆಗೆದು ‘ಕೊಲೆ’ ಎಂದು ತಿದ್ದಿದರು. ಊರಿನ ಪತ್ರಿಕೆಯಲ್ಲಿ ಎರಡು ದಿನ ಬಂತು, ಮುಗಿಯಿತು. ಕೊಲೆ ನಡೆದ ವರ್ಷಕ್ಕಲ್ಲ, ಅದು ಕೊಲೆ ಎಂದು ಪೊಲೀಸರು ಬರೆದುಕೊಂಡ ವರ್ಷಕ್ಕೆ ಸೇರಿಸಬೇಕು ಎಂಬುದು ನಿಯಮ. ಲವಾನ್ ನಿಯಮದ ಪ್ರಕಾರ ಸೇರಿಸಿದಳು. ಅದಕ್ಕೂ ಹಿಂದಿನ ವರ್ಷ ಐವತ್ತೆರಡು, ಕಳೆದ ವರ್ಷ ಅರವತ್ತೊಂದು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಅಡಿಟಿಪ್ಪಣಿ ಬರೆದಳು, ಒಂಬತ್ತು ದಿನಾಂಕಗಳ ಸಮೇತ.

ಆ ಟಿಪ್ಪಣಿಯಿಂದಾಗಿ ಕೋಷ್ಟಕ ಎರಡನೇ ಪುಟಕ್ಕೆ ಹರಿಯಿತು. ನಿರ್ದೇಶಕ ಕ್ರೇಗ್ ಲಿಂಡ್‌ಹಾಮ್ ಬಾಗಿಲಲ್ಲಿ ಒಂದು ಕಾಲಿಟ್ಟುಕೊಂಡೇ, “ಒಂದೇ ಪುಟ, ಲವಾನ್. ಸೆನೆಟರುಗಳು ಪುಟ ತಿರುಗಿಸಿದ್ದನ್ನ ನೀನು ಯಾವತ್ತಾದ್ರೂ ನೋಡಿದೀಯಾ?” ಎಂದ. ಅವನು ಟಿಪ್ಪಣಿ ತೆಗೆ ಎನ್ನಲಿಲ್ಲ. ಅವನು ಅದನ್ನು ಓದಿಯೂ ಇರಲಿಲ್ಲ. ಅಕ್ಷರ ಸಣ್ಣದು ಮಾಡಬಹುದಿತ್ತು, ಅಂಚು ಕಡಿಮೆ ಮಾಡಬಹುದಿತ್ತು. ಅವಳು ಟಿಪ್ಪಣಿಯ ಸಾಲುಗಳನ್ನೆಲ್ಲ ಆಯ್ದುಕೊಂಡು ಒಂದು ಗುಂಡಿ ಒತ್ತಿದಳು. ಕೋಷ್ಟಕ ಗಪ್ಪನೆ ಒಂದೇ ಪುಟದಲ್ಲಿ ಕೂತಿತು. ಆಗ ಅವಳಿಗೆ ಅನ್ನಿಸಿದ್ದು ಅಂಜಿಕೆಯಲ್ಲ. ಹಾಸಿಗೆಯ ಸುಕ್ಕು ನೇರಮಾಡಿದಾಗ ಅನ್ನಿಸುತ್ತದಲ್ಲ, ಅಂಥ ಸಮಾಧಾನ. ಸುಳ್ಳೇನೂ ಬರೆದಿಲ್ಲ. ಅರವತ್ತೊಂದು ಸರಿ, ಐವತ್ತೆರಡು ಸರಿ, ಹದಿನೇಳೂ ಸರಿ. ಆದರೆ ಅವತ್ತಿನಿಂದ, ಯಾರಾದರೂ ಹದಿನೇಳು ಎಂದಾಗಲೆಲ್ಲ ಅವಳ ತಲೆಯೊಳಗೆ ಇನ್ನೊಂದು ಲೆಕ್ಕ ತಾನಾಗಿ ಆಗಿಬಿಡುತ್ತಿತ್ತು: ಅರವತ್ತೊಂದರಲ್ಲಿ ಒಂಬತ್ತು ಕಳೆದರೆ ಐವತ್ತೆರಡು. ಐವತ್ತೆರಡು, ಐವತ್ತೆರಡು. ಏನೂ ಏರಿಲ್ಲ. ಇಡೀ ರಾಜ್ಯದಲ್ಲಿ ಇದು ತನ್ನೊಬ್ಬಳಿಗೇ ಗೊತ್ತು ಎಂಬುದರಲ್ಲೇ ಒಂದು ನಶೆಯಿತ್ತು. ಕಿಸೆಯಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಹುಲ್ಲಿನ ಬಣವೆಗಳ ನಡುವೆ ಅಡ್ಡಾಡಿದ ಹಾಗೆ.

ಸಭಾಭವನದ ಎರಡನೇ ಮಹಡಿಯ ಕೋಣೆ ತುಂಬಿಹೋಗಿತ್ತು. ಕ್ಯಾಮೆರಾಗಳು ನಾಲ್ಕು. ಲವಾನ್ ಎಣಿಸಿದಳು, ಎಣಿಸದೆ ಅವಳಿಂದ ಇರಲಾಗುತ್ತಿರಲಿಲ್ಲ. ಬಾಗಿಲಲ್ಲಿದ್ದ ಹೆಂಗಸು ಅವಳನ್ನು ಯಾರದೋ ಸಹಾಯಕಿ ಎಂದುಕೊಂಡು ನೀರಿನ ಹೂಜಿ ಕೊಟ್ಟು, “ಇದನ್ನ ಮೇಲಿನ ಮೇಜಿಗಿಡಿ” ಎಂದಳು. ಲವಾನ್ ಬಾಯಿಬಿಡದೆ ಹೂಜಿ ಹೊತ್ತುಕೊಂಡು ಹೋಗಿ ಇಟ್ಟೇಬಿಟ್ಟಳು, ಸಮಿತಿಯ ಅಧ್ಯಕ್ಷ, ಮಸೂದೆ ತಂದವನೇ ಆದ ಸೆನೆಟರ್ ಡ್ವೇನ್ ಎರಿಕ್ಸನ್‌ನ ಎದುರು. ಅವನು ತಲೆಯೆತ್ತದೆ ಥ್ಯಾಂಕ್ಸ್ ಎಂದ. ಐದು ನಿಮಿಷದ ನಂತರ ಹೂಜಿ ತಂದಿಟ್ಟವಳೇ ಸಾಕ್ಷಿಯ ಕುರ್ಚಿಯಲ್ಲಿ ಕೂತಾಗ ಅವನು ಒಂದು ಕ್ಷಣ ಗಲಿಬಿಲಿಗೊಂಡದ್ದನ್ನು ನೋಡಿ ಅವಳಿಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ನಾಚಿಕೆಯಾಯಿತು, ನಾಚಿಕೆಯ ಅಡಿಯಲ್ಲಿ ಮತ್ತೆ ಖುಷಿ. ಹಿಂದೆ ಮೂರನೇ ಸಾಲಿನಲ್ಲಿ ಅಪ್ಪ ಮೊಣಕಾಲಿನ ಮೇಲೆ ಅಂಗೈಗಳನ್ನು ಚಪ್ಪಟೆಯಾಗಿ ಇಟ್ಟುಕೊಂಡು ಕೂತಿದ್ದ. ಅವನು ಪಕ್ಕದವರಿಗೆ ಏನೋ ಹೇಳಿದ. ಪಕ್ಕದವರು ಕತ್ತು ಚಾಚಿ ಅವಳನ್ನು ನೋಡಿದರು.

ಮೈಕಿನ ಎದುರು ಅವಳ ಉಸಿರೇ ಕೋಣೆ ತುಂಬ ಕೇಳಿಸಿತು.

“ಹೋದ ವರ್ಷ ನಮ್ಮ ರಾಜ್ಯದಲ್ಲಿ ಕೊಲೆ ಎಷ್ಟು ಏರಿತು, ದಯವಿಟ್ಟು ಹೇಳಿ” ಎಂದ ಎರಿಕ್ಸನ್.

“ಶೇಕಡಾ ಹದಿನೇಳು.”

ಎಂಟು ಪೆನ್ನುಗಳು ಒಟ್ಟಿಗೆ ಅಲ್ಲಾಡಿದವು. ಎಲ್ಲರಿಗೂ ಮೊದಲೇ ಗೊತ್ತಿದ್ದದ್ದನ್ನೇ ಅವಳು ಹೇಳಿದಳು ಎಂದು ಮತ್ತೆ ಬರೆದುಕೊಂಡರು. ಅವಳ ಬೆನ್ನಹುರಿಯುದ್ದಕ್ಕೂ ಬೆಚ್ಚಗಿನದೇನೋ ಇಳಿಯಿತು.

“ಲೆಕ್ಕದಲ್ಲಿ ತಪ್ಪೇನಾದ್ರೂ ಇದೆಯಾ?”

“ಇಲ್ಲ. ನಿಯಮದ ಪ್ರಕಾರ ಇದೆ.”

“ಅಷ್ಟು ಸಾಕು. ತುಂಬ ಉಪಕಾರ. ನೀವಿನ್ನು ಹೋಗಬಹುದು.”

ಮುಗಿಯಿತು. ಇಡೀ ಒಂದು ನಿಮಿಷವೂ ಆಗಿರಲಿಲ್ಲ. ಮುಂದಿನ ಸಾಕ್ಷಿ, ಯಾವುದೋ ಊರಿನ ಪಾದ್ರಿ, ಆಗಲೇ ಎದ್ದು ಕೋಟು ಸರಿಮಾಡಿಕೊಳ್ಳುತ್ತಿದ್ದ. ಹದಿನಾಲ್ಕು ವರ್ಷಕ್ಕೆ ಐವತ್ತು ಸೆಕೆಂಡು. ಲವಾನ್ ಏಳಲಿಲ್ಲ. ಆ ಕ್ಷಣದಲ್ಲಿ ಅವಳ ಮನಸ್ಸಿನಲ್ಲಿ ನದಿ ದಂಡೆಯ ಹೆಂಗಸರಿರಲಿಲ್ಲ, ಮಂಚಕ್ಕೆ ಕಟ್ಟಲಿರುವ ಯಾವ ಕೈದಿಯೂ ಇರಲಿಲ್ಲ, ಸತ್ಯ ಎಂಬ ಮಾತೂ ಇರಲಿಲ್ಲ. ಕ್ಯಾಮೆರಾಗಳು ಪಾದ್ರಿಯ ಕಡೆ ತಿರುಗುತ್ತಿವೆ ಎಂಬುದಷ್ಟೇ ಕಾಣಿಸುತ್ತಿತ್ತು. ಕೈ ಚೀಲದೊಳಗೆ ಹೋಗಿ ಎರಡನೇ ಹಾಳೆಯನ್ನು ಹಿಡಿದಿತ್ತು.

“ಇನ್ನೊಂದು ಇದೆ” ಎಂದಳು. ದನಿ ಕೀಚಲಾಗಿ ಬಂತು. “ಕೆಳಗೊಂದು ಟಿಪ್ಪಣಿ ಇತ್ತು. ನಾನು ತೆಗೆದುಹಾಕಿದೆ.”

ಗೋಡೆಗೊರಗಿ ನಿಂತಿದ್ದ ಕ್ರೇಗ್ ಲಿಂಡ್‌ಹಾಮ್ ಗೋಡೆ ಬಿಟ್ಟು ನೆಟ್ಟಗಾದ.

ಆಮೇಲೆ ಮಾತು ಅವಳ ಬಾಯಿಂದ ತಾನಾಗಿ ಹೊರಟಿತು, ಒಂದರ ಮೇಲೊಂದು, ಉಸಿರಿಗೂ ಬಿಡುವು ಕೊಡದೆ. ಹಾರ್ಲಿಂಗ್ ಕೌಂಟಿ, ಒಂಬತ್ತು, ಲಾರಿಯವನು, ಬರೆದುಕೊಂಡ ವರ್ಷ, ಸತ್ತ ವರ್ಷ. ಕ್ಯಾಮೆರಾಗಳು ವಾಪಸು ತಿರುಗಿದವು. ಹಿಂದೆ ಯಾರೋ ಒಬ್ಬರು ‘ಅಯ್ಯೋ ದೇವರೇ’ ಎಂದರು. ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಹುಡುಗಿಯಾಗಿದ್ದಾಗ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೊದಲ ಸಲ ಜಾರುಬೂಟಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಹೋದಾಗಲೂ ಹೀಗೇ ಆಗಿತ್ತು.

“ಒಂದು ನಿಮಿಷ, ಒಂದು ನಿಮಿಷ” ಎಂದು ಎರಿಕ್ಸನ್ ಮೇಜು ತಟ್ಟಿದ. “ನಿಯಮದ ಪ್ರಕಾರ ಹದಿನೇಳು ಸರಿ ಅಂತ ಈಗಷ್ಟೇ ಹೇಳಿದ್ರಿ.”

“ಸರಿ.”

“ಹಾಗಾದ್ರೆ ಏರಿದೆ.”

“ಏರಿಲ್ಲ ಸೆನೆಟರ್. ಹೋದ ವರ್ಷ ಸತ್ತವರು ಐವತ್ತೆರಡು. ಅದಕ್ಕೆ ಹಿಂದಿನ ವರ್ಷವೂ ಐವತ್ತೆರಡು.”

“ಸರಿಯೂ ಹೌದು, ಅಲ್ಲವೂ ಹೌದು. ನಮ್ಮ ದುಡ್ಡಲ್ಲಿ ಎಂಥ ಲೆಕ್ಕಿಗರನ್ನ ಸಾಕಿದೀವಿ ನೋಡಿ” ಎಂದ ಎರಿಕ್ಸನ್. ಒಂದಷ್ಟು ಜನ ನಕ್ಕರು. ಲವಾನಳಿಗೂ ನಗು ಬಂತು, ತಡೆದುಕೊಂಡಳು.

ಆಗ ಏನೂ ಹೇಳದೆ ಉಳಿದಿದ್ದ ಎಂಟನೆಯವಳು, ಸೆನೆಟರ್ ರೋವೆನಾ ಟಕ್, ಕನ್ನಡಕ ತೆಗೆದಳು. ಅವಳು ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಮಾತು ಮೆಲ್ಲಗೆ. “ಆ ಒಂಬತ್ತು ಜನರ ಹೆಸರೇನಮ್ಮ?”

ಲವಾನ್ ಹಾಳೆ ನೋಡಿದಳು. ಕೌಂಟಿ, ಕ್ರಮಸಂಖ್ಯೆ, ವಯಸ್ಸು, ದಿನಾಂಕ. ಹಾಳೆಯ ಹಿಂಬದಿ ತಿರುಗಿಸಿ ನೋಡಿದಳು, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ. ಅವಳ ಕೋಷ್ಟಕಗಳಲ್ಲಿ ಹೆಸರಿಗೆ ಅಂಕಣವೇ ಇರಲಿಲ್ಲ.

“ಗೊತ್ತಿಲ್ಲ.”

“ಕೇಳಿದ್ರಾ?”

“ಇಲ್ಲ.”

ಟಕ್ ಅವಳನ್ನೇ ನೋಡಿದಳು. ಬೈಯುವ ನೋಟವಲ್ಲ. ಜ್ವರ ನೋಡುವವರು ಹಾಗೆ ನೋಡುತ್ತಾರೆ. “ಇರಲಿ. ತೊಂಬತ್ತೊಂದರಿಂದ ತೊಂಬತ್ತೊಂಬತ್ತು ಅಂದ್ರಿ. ಆಗ ನಮ್ಮ ರಾಜ್ಯದಲ್ಲಿ ಮರಣದಂಡನೆ ಇತ್ತಾ?”

ಲವಾನ್ ಬಾಯಿ ತೆರೆದಳು. ಉತ್ತರ ಅವಳ ಬೆನ್ನ ಹಿಂದಿನಿಂದ ಬಂತು.

“ಇತ್ತು. ಮೂರು ಆಯ್ತು ಆಗ.”

ಗಸ್ ಎದ್ದು ನಿಂತಿದ್ದ. ಎರಿಕ್ಸನ್ ಸುತ್ತಿಗೆ ಬಡಿದು, “ದೊಡ್ಡವರೇ, ಕೂತ್ಕೊಳ್ಳಿ. ಸಾಕ್ಷಿ ಅಲ್ಲದವರು ಮಾತಾಡೋ ಹಾಗಿಲ್ಲ” ಎಂದ.

“ಕೂತ್ಕೋತೀನಿ. ಆಯಮ್ಮ ಕೇಳಿದ್ರು, ಅದಕ್ಕೆ ಹೇಳ್ದೆ. ನಾನಿದ್ದೆ ಅಲ್ಲಿ” ಎಂದ ಗಸ್. ಆದರೆ ಕೂರಲಿಲ್ಲ. ಮೊಣಕಾಲುಗಳನ್ನು ದಾಟಿಕೊಂಡು, ಪ್ರತಿಯೊಬ್ಬರಿಗೂ ‘ಕ್ಷಮಿಸಿ, ಕ್ಷಮಿಸಿ’ ಎನ್ನುತ್ತ ಸಾಲಿನಿಂದ ಹೊರಬಂದು ಬಾಗಿಲ ಕಡೆ ನಡೆದ.

ಮತ ಹಾಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಾದ್ರಿ ಮಾತಾಡಿದ, ಮತ್ತಿಬ್ಬರು ಮಾತಾಡಿದರು, ಯಾರೂ ಅವರನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಗುಮಾಸ್ತ ಹೆಸರು ಕೂಗುತ್ತ ಹೋದ. ಟಕ್ ಬೇಡ ಎಂದಳು. ನಾಲ್ಕು, ನಾಲ್ಕು. ಮಸೂದೆ ಅಲ್ಲೇ ಬಿದ್ದಿತು. ಕೋಣೆಯ ಒಂದು ಕಡೆ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಇನ್ನೊಂದು ಕಡೆಯಿಂದ ಒಬ್ಬ ಹೆಂಗಸು ಲವಾನಳ ಹತ್ತಿರ ಬಂದು, “ನನ್ನ ಮಗನ್ನ ಕೊಂದವನು ಇನ್ನೂ ಊಟ ಮಾಡ್ತಿದಾನೆ. ನಿನ್ನ ಟಿಪ್ಪಣೀಲಿ ಅದನ್ನೂ ಬರ್ಕೋ” ಎಂದು ಹೇಳಿ ಹೋದಳು. ಲಿಂಡ್‌ಹಾಮ್ ಪಕ್ಕದಲ್ಲೇ ಹಾದುಹೋದ, ಮಾತಾಡಲಿಲ್ಲ. ಮಾತಾಡದ ರೀತಿಯಲ್ಲೇ ಸೋಮವಾರ ಏನು ಕಾದಿದೆ ಎಂದು ತಿಳಿಯುತ್ತಿತ್ತು. ಯಾವುದೂ ಅವಳಿಗೆ ಪೂರ್ತಿ ತಟ್ಟಲಿಲ್ಲ. ರಕ್ತ ಕಿವಿಯಲ್ಲಿ ಸದ್ದು ಮಾಡುತ್ತಿತ್ತು. ನಾನು, ನಾನು ಮಾಡಿದ್ದು ಇದು.

ಅಪ್ಪ ಪಡಸಾಲೆಯ ಕಲ್ಲುಬೆಂಚಿನ ಮೇಲೆ ಸಿಕ್ಕಿದ. ಟೋಪಿ ಪಕ್ಕದಲ್ಲಿತ್ತು. “ತಾ ನೋಡೋಣ” ಎಂದು ಕೈ ಚಾಚಿದ. ಯಾವುದನ್ನು ಎಂದು ಅವಳು ಕೇಳಲಿಲ್ಲ. ಹಾಳೆ ಕೊಟ್ಟಳು. ಅವನು ಅದನ್ನು ಕೈಯಳತೆ ದೂರಕ್ಕೆ ಹಿಡಿದು, ತೋರುಬೆರಳನ್ನು ದಿನಾಂಕಗಳ ಮೇಲಿಂದ ಕೆಳಗೆ ಸರಿಸುತ್ತ ಹೋದ. ತನ್ನ ಮೂರು ದಿನಾಂಕಗಳನ್ನು ಅವನು ಯಾವ ಕಾಗದದಲ್ಲೂ ನೋಡಬೇಕಿರಲಿಲ್ಲ. ನಾಲ್ಕನೇ ಸಾಲಿನಲ್ಲಿ ಬೆರಳು ನಿಂತಿತು.

“ತೊಂಬತ್ತೈದು, ಅಕ್ಟೋಬರ್ ಇಪ್ಪತ್ತು. ನಾವು ಎರಡನೆಯವನನ್ನ ಕಟ್ಟಿದ್ದು ಒಂಬತ್ತನೇ ತಾರೀಕು.” ಬೆರಳು ಮಡಚಿ ಎಣಿಸಿದ. “ಹನ್ನೊಂದು ದಿನ. ಕಟ್ಟಿದವರಿಗೆಲ್ಲ ಎರಡು ವಾರ ರಜೆ ಕೊಡ್ತಿದ್ರು. ಆ ಸಲ ನಾನು ಹಾರ್ಲಿಂಗ್ ಕಡೆ ಆ ನದೀಗೇ ಮೀನಿಗೆ ಹೋಗಿದ್ದೆ. ಇಪ್ಪತ್ತರಿಂದ ಮೂರು ದಿನ ಅಲ್ಲೇ ಇದ್ದೆ. ಚೆನ್ನಾಗಿ ಸಿಕ್ತು ಮೀನು.”

ಅವನು ಹಾಳೆ ತಗ್ಗಿಸಿ ಅವಳ ಮುಖ ನೋಡಿದ.

“ನಿನಗೆ ಇದು ಯಾವಾಗಿಂದ ಗೊತ್ತು?”

“ಫೆಬ್ರವರಿಯಿಂದ.”

“ಏಳು ತಿಂಗಳು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. “ದಿನಾ ಒಂದೇ ಮೇಜಲ್ಲಿ ಊಟ ಮಾಡ್ತೀವಿ. ಇವತ್ತು ಬೆಳಿಗ್ಗೆ ಕಾರಲ್ಲಿ ಪಕ್ಕದಲ್ಲೇ ಕೂತಿದ್ದೆ. ನನಗೆ ಹೇಳ್ಬೋದಿತ್ತಲ್ಲ ಮಗಳೇ. ಅಷ್ಟು ಜನರ ಮಧ್ಯೆ ಕೂತು ಕೇಳೋ ಬದಲು ಮನೇಲಿ ಕೇಳ್ತಿದ್ದೆ.”

ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂಬುದು ಅವಳಿಗೆ ಈಗ ಕ್ಯಾಮೆರಾದ ಬೆಳಕಿನಷ್ಟು ಸ್ಪಷ್ಟವಾಗಿತ್ತು. ನಿನಗೆ ನೋವಾಗಬಾರದೆಂದು, ಎನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಒಬ್ಬ ಮುದುಕನಿಗೆ ಅಡುಗೆಮನೆಯಲ್ಲಿ ಹೇಳಿದರೆ ಅದು ಖರ್ಚಾಗಿಹೋಗುತ್ತಿತ್ತು. ಅವಳು ಅದನ್ನು ಕೂಡಿಟ್ಟುಕೊಂಡಿದ್ದಳು. ಕೈಗಳು ಇನ್ನೂ ನಡುಗುತ್ತಿದ್ದವು, ದುಃಖದಿಂದಲ್ಲ. ಅಪ್ಪನಿಗೆ ಕಾಣದಿರಲೆಂದು ಅವನ್ನು ಕಂಕುಳಲ್ಲಿ ಸೇರಿಸಿಕೊಂಡಳು. ಅವನು ನೋಡಿದ. ಕಾವಲುಗಾರನಾಗಿದ್ದವನು, ಕೈಗಳನ್ನು ನೋಡದೆ ಇರುತ್ತಾನೆಯೇ. ಹಾಳೆಯನ್ನು ನಾಲ್ಕಾಗಿ ಮಡಚಿ ತನ್ನ ಕೋಟಿನ ಒಳಜೇಬಿಗೆ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಎದ್ದ.

“ಬಸ್ಸಲ್ಲಿ ಹೋಗ್ತೀನಿ” ಎಂದ.

“ಅಪ್ಪಾ, ಇರು. ನಾನೇ ಬಿಡ್ತೀನಿ.”

ಅವನು ನಡೆಯತೊಡಗಿದ್ದ. ಅವಳು ಎರಡು ಹೆಜ್ಜೆ ಹಿಂದೆ ಹೋದಳು. ಮೂರನೆಯದು ಇಡುವಷ್ಟರಲ್ಲಿ ಹಿಂದಿನಿಂದ ಬೂಟುಗಳ ಸದ್ದು ಬಂತು, ದೀಪವೊಂದು ಅವಳ ಕೆನ್ನೆಯ ಮೇಲೆ ಬಿಸಿಯಾಗಿ ಹೊತ್ತಿಕೊಂಡಿತು.

“ಮೇಡಂ, ಒಂದೇ ನಿಮಿಷ. ನಾವು ನೇರ ಪ್ರಸಾರದಲ್ಲಿದೀವಿ. ನಿಮ್ಮ ಹೆಸರು ಹೇಗೆ ಬರೀಬೇಕು?”

ಪಡಸಾಲೆ ಉದ್ದವಿತ್ತು. ಕಂದು ಸೂಟು ಇನ್ನೂ ಕಾಣಿಸುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ. ಲವಾನ್ ಕಣ್ಣ ಮೇಲೆ ಬಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ದೀಪದ ಕಡೆ ತಿರುಗಿ, ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಹೇಳತೊಡಗಿದಳು.